ಶುಲ್ಕ ಕಟ್ಟುವ ಮುನ್ನ ಏಳು ದಿನ

ಬಾದಾಮಿ ತಾಲ್ಲೂಕಿನ ನಮ್ಮ ಊರಿನ ಅರಿವು ಕೇಂದ್ರದಲ್ಲಿ ನಾನು ಗ್ರಂಥಾಲಯ ಮೇಲ್ವಿಚಾರಕಿ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಯಾರಾದರೂ ಮೊಬೈಲ್ ಹಿಡಿದು ಬಂದು ಮೇಜಿನ ಮುಂದೆ ನಿಂತರೆ ಏನು ಕೇಳಲಿದ್ದಾರೆ ಎಂಬುದು ಈಗೀಗ ಮೊದಲೇ ತಿಳಿದುಬಿಡುತ್ತದೆ. ‘ಅಕ್ಕಾ, ಮನೆಯಲ್ಲೇ ಕುಳಿತು ಬಿ.ಎ. ಮಾಡಬಹುದಂತೆ. ಇತಿಹಾಸ ತೆಗೆದುಕೊಳ್ಳಲೋ, ಕನ್ನಡವೋ? ಸೇರಿಬಿಡಲಾ?’

ಹೋದ ತಿಂಗಳು ಹೀಗೆ ಕೇಳಿದವಳು ನಮ್ಮ ಓಣಿಗೆ ಸೊಸೆಯಾಗಿ ಬಂದ ಹುಡುಗಿ. ಪಿ.ಯು.ಸಿ. ಮುಗಿಸಿ ಆರು ವರ್ಷವಾಗಿದೆ. ಕಂಕುಳಲ್ಲಿ ಮಗು ಇತ್ತು. ಸೇರು ಎಂದೂ ನಾನು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಬಾ ಎಂದೆ. ಏಳು ದಿನ ಅದರಲ್ಲಿ ಏನೇನು ಬರೆಯಬೇಕೆಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ 12 ವಾರಗಳ ಇತಿಹಾಸದ ಆನ್‌ಲೈನ್ ಕೋರ್ಸ್‌ಗೆ ಹೆಸರು ಹಚ್ಚಿದೆ. ಪಾಠ ಚೆನ್ನಾಗಿತ್ತು, ಆಸೆಯಿಂದ ಕೇಳಿದೆ. ಅಷ್ಟರಲ್ಲಿ ಬನದ ಹುಣ್ಣಿಮೆ ಬಂತು, ಬನಶಂಕರಿ ಜಾತ್ರೆ ಬಂತು. ಜಾತ್ರೆ ಎಂದರೆ ನಮ್ಮ ಕಡೆ ಒಂದು ದಿನದ ತೇರಲ್ಲ. ನಾಟಕ ನೋಡಲು ಬಂದ ನೆಂಟರು ವಾರಗಟ್ಟಲೆ ಮನೆಯಲ್ಲಿರುತ್ತಾರೆ. ಅವರು ಊರಿಗೆ ಹೊರಡುವ ಹೊತ್ತಿಗೆ ಜೋಳದ ಸುಗ್ಗಿ. ನಾಲ್ಕನೆಯ ವಾರದಲ್ಲಿ ಲಾಗಿನ್ ಆಗಿ ನೋಡಿದರೆ ಎರಡು ಅಸೈನ್‌ಮೆಂಟ್‌ಗಳ ಕೊನೆಯ ದಿನಾಂಕ ಮೀರಿ ಹೋಗಿತ್ತು. ಮತ್ತೆ ಆ ಪುಟ ತೆರೆಯಲು ಮನಸ್ಸಾಗಲಿಲ್ಲ. ಓದು ನನ್ನ ತಲೆಗೆ ಹತ್ತುವುದಿಲ್ಲ ಎಂದು ಒಂದು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಸುಳ್ಳು. ನನಗೆ ಬುದ್ಧಿ ಕಡಿಮೆ ಇರಲಿಲ್ಲ, ಲೆಕ್ಕ ಹಾಕದೆ ಸೇರಿದ್ದೆ, ಅಷ್ಟೆ. ಆಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದೆ, ಇತಿಹಾಸದಲ್ಲಿ ಎಂ.ಎ. ಕೂಡ ಆಯಿತು.

ಮೊದಲು ನೀವು ಸೇರಬೇಕೆಂದಿರುವುದು ಯಾವುದಕ್ಕೆ ಎಂಬುದನ್ನು ಖಚಿತ ಮಾಡಿಕೊಳ್ಳಿ. ‘ಆನ್‌ಲೈನ್ ಕೋರ್ಸ್’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಅಡಗಿವೆ. ಒಂದು, ಬಿಡಿ ಕೋರ್ಸ್. ಕೇಂದ್ರ ಸರ್ಕಾರದ ಸ್ವಯಂ ವೇದಿಕೆ 2017ರಲ್ಲಿ ಶುರುವಾಯಿತು. ಇತಿಹಾಸ, ತತ್ವಶಾಸ್ತ್ರ, ಸಾಹಿತ್ಯ, ಸಮಾಜಶಾಸ್ತ್ರ ಎಲ್ಲವೂ ಅಲ್ಲಿ ಸಿಗುತ್ತವೆ. ಹೆಸರು ನೋಂದಾಯಿಸಿ ಪಾಠ ಕೇಳುವುದಕ್ಕೆ ಹಣ ಕೊಡಬೇಕಾಗಿಲ್ಲ, ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷೆಯ ಶುಲ್ಕ ಕಟ್ಟಬೇಕು. ಇನ್ನೊಂದು, ವಿಶ್ವವಿದ್ಯಾಲಯಕ್ಕೆ ಸೇರಿ ಪಡೆಯುವ ಪೂರ್ಣ ಪದವಿ. ಇಗ್ನೊ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ನಮಗೆಲ್ಲ ಗೊತ್ತಿರುವ ಹೆಸರು, ಅದರ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಇದೆ. ಮೊದಲನೆಯದರಲ್ಲಿ ಅರ್ಧಕ್ಕೆ ಬಿಟ್ಟರೆ ಕಳೆದುಕೊಳ್ಳುವುದು ಕೆಲವು ಸಂಜೆಗಳನ್ನು. ಎರಡನೆಯದರಲ್ಲಿ ಬಿಟ್ಟರೆ ಶುಲ್ಕ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಮನೆಯವರ ಮುಂದೆ ಇನ್ನೊಮ್ಮೆ ಓದಿನ ಮಾತು ಎತ್ತುವ ಧೈರ್ಯ ಹೋಗುತ್ತದೆ. ಆದ್ದರಿಂದ ಪದವಿಗೆ ಸೇರುವ ಮುನ್ನ ಒಂದು ಬಿಡಿ ಕೋರ್ಸನ್ನು, ಪರೀಕ್ಷೆಯ ಗೋಜಿಲ್ಲದೆ, ಕೊನೆಯ ವಾರದವರೆಗೆ ಕೇಳಿ ನೋಡಿ ಎನ್ನುತ್ತೇನೆ.

ಬಿಡಿ ಕೋರ್ಸ್‌ಗಳ ಬಗ್ಗೆ ಒಂದು ಮಾತು ನೆನಪಿರಲಿ. ಅವುಗಳಲ್ಲಿ ಎಷ್ಟೋ ಪರೀಕ್ಷೆಗಳು ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಬಗೆಯವು. ಒಂದೇ ಒಂದು ಪ್ಯಾರಾ ಬರೆಯದೆಯೂ ಪಾಸಾಗಬಹುದು. ಅದನ್ನು ನಂಬಿ ಬಿ.ಎ.ಗೆ ಸೇರಿದವರು ಅಸೈನ್‌ಮೆಂಟ್ ಮುಂದೆ ಕುಳಿತಾಗ ಕಂಗಾಲಾಗುವುದನ್ನು ನಾನು ನೋಡಿದ್ದೇನೆ. ಇಗ್ನೊದ ಬಹುತೇಕ ಪತ್ರಿಕೆಗಳಲ್ಲಿ ಅಸೈನ್‌ಮೆಂಟಿಗೆ ಶೇ 30, ಕೊನೆಯ ಪರೀಕ್ಷೆಗೆ ಶೇ 70. ಎರಡರಲ್ಲೂ ನಿಮ್ಮ ಮಾತಿನಲ್ಲಿ ಬರೆಯಬೇಕು.

ಈಗ ನೋಟ್‌ಬುಕ್ ತೆಗೆಯಿರಿ. ಮೊದಲ ಪುಟದಲ್ಲಿ ಈ ಲೆಕ್ಕ ಬರೆದುಕೊಳ್ಳಿ: 1 ಕ್ರೆಡಿಟ್ ಎಂದರೆ 30 ಗಂಟೆಯ ಓದು. 4 ಕ್ರೆಡಿಟ್‌ನ ಕೋರ್ಸ್ ಎಂದರೆ 120 ಗಂಟೆ, 12 ವಾರಕ್ಕೆ ಹಂಚಿದರೆ ವಾರಕ್ಕೆ 10 ಗಂಟೆ. ಪದವಿಯ ಒಂದು ಸೆಮಿಸ್ಟರಿಗೆ 20 ಕ್ರೆಡಿಟ್ ಇದ್ದರೆ 600 ಗಂಟೆ. ಅದನ್ನು ಆರು ತಿಂಗಳಿಗೆ ಹಂಚಿ ನೋಡಿ, ದಿನಕ್ಕೆ ಮೂರು ಗಂಟೆಗೂ ಹೆಚ್ಚಾಗುತ್ತದೆ. ಜಾಹೀರಾತುಗಳಲ್ಲಿ ‘ಬಿಡುವಿನ ವೇಳೆಯಲ್ಲಿ ಪದವಿ’ ಎಂದು ಬರೆದಿರುತ್ತಾರೆ. ದಿನಕ್ಕೆ ಮೂರು ಗಂಟೆ ಬಿಡುವಿರುವ ಹೆಣ್ಣುಮಗಳನ್ನು ನಮ್ಮ ಊರಿನಲ್ಲಿ ನಾನು ಕಂಡಿಲ್ಲ. ಬಿಡುವು ತಾನಾಗಿ ಇರುವುದಿಲ್ಲ, ಯಾವುದೋ ಕೆಲಸದಿಂದ ಬಿಡಿಸಿಕೊಂಡು ತರಬೇಕಾಗುತ್ತದೆ. ಯಾವುದರಿಂದ ಎಂಬುದು ಸೇರುವ ಮೊದಲೇ ಗೊತ್ತಿರಬೇಕು.

ಅದಕ್ಕೇ ಏಳು ದಿನ ದಿನಚರಿ ಬರೆಯಿರಿ. ಅರ್ಧ ಗಂಟೆಗೊಂದು ಸಾಲು. ಸುಳ್ಳು ಬರೆಯಬೇಡಿ, ಯಾರಿಗೂ ತೋರಿಸಬೇಕಾಗಿಲ್ಲ. ವಾರದ ಕೊನೆಗೆ ಎರಡೂ ಕೈ ಖಾಲಿ ಇದ್ದ, ಎಚ್ಚರವಾಗಿದ್ದ ಸಮಯದ ಕೆಳಗೆ ಮಾತ್ರ ಗೆರೆ ಎಳೆಯಿರಿ. ರೊಟ್ಟಿ ಬಡಿಯುತ್ತ ವಿಡಿಯೊ ಕೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೇಳುವುದು ತಪ್ಪಲ್ಲ, ನಾನೂ ಕೇಳುತ್ತೇನೆ, ಆದರೆ ಇತಿಹಾಸ, ಸಾಹಿತ್ಯದಂಥ ಮಾನವಿಕ ವಿಷಯಗಳಲ್ಲಿ ಓದು ನಡೆಯುವುದು ಪುಟದ ಮುಂದೆ, ಪೆನ್ನು ಕೈಯಲ್ಲಿದ್ದಾಗ. ರಾತ್ರಿ ಹತ್ತರ ಮೇಲಿನ ಸಮಯವನ್ನು ಅರ್ಧ ಮಾತ್ರ ಲೆಕ್ಕ ಹಾಕಿ. ನನಗೆ ದಕ್ಕಿದ್ದು ಬೆಳಗಿನ ಐದರಿಂದ ಆರೂವರೆ, ನಲ್ಲಿಗೆ ನೀರು ಬಿಡುವ ತನಕ. ಎಂ.ಎ. ಓದಿದ್ದೆಲ್ಲ ಆ ಒಂದೂವರೆ ಗಂಟೆಯಲ್ಲಿ ಮತ್ತು ಭಾನುವಾರಗಳಲ್ಲಿ.

ದಿನಚರಿಯ ಪಕ್ಕದಲ್ಲೇ ಪಂಚಾಂಗ ಇಟ್ಟುಕೊಳ್ಳಿ. ಜುಲೈನಲ್ಲಿ ಶುರುವಾಗುವ ಕೋರ್ಸ್‌ಗೆ ಶ್ರಾವಣ, ನಾಗರ ಪಂಚಮಿ, ಗಣೇಶ ಚೌತಿ ಎದುರಾಗುತ್ತವೆ. ಜನವರಿಯದಕ್ಕೆ ಜಾತ್ರೆ, ಸುಗ್ಗಿ, ಆಮೇಲೆ ಮದುವೆಗಳು. ಕೊನೆಯ ದಿನಾಂಕ ಎಂಬುದು ಯಾವ ಹಬ್ಬಕ್ಕೂ ಸರಿದು ನಿಲ್ಲುವುದಿಲ್ಲ. ನಿಮ್ಮ ಮನೆಯಲ್ಲಿ ಯಾವ ವಾರ ಓದುವುದೇ ಅಸಾಧ್ಯವೋ ಆ ವಾರದ ಮೇಲೆ ಕೆಂಪು ಗೆರೆ ಹಾಕಿ, ಅದರ ಹಿಂದಿನ ವಾರವೇ ಆ ಕೆಲಸ ಮುಗಿಸಬೇಕಾಗುತ್ತದೆ ಎಂದು ಬರೆದುಕೊಳ್ಳಿ.

ಇಷ್ಟು ಸಮಯದ ಮಾತಾಯಿತು. ಇದಕ್ಕಿಂತ ದೊಡ್ಡದು ಓದಿನ ಪರೀಕ್ಷೆ. ಇದನ್ನು ನಾನು ನಮ್ಮ ಊರ ಹತ್ತಿರದ ಕಲ್ಲಿನಿಂದಲೇ ಮಾಡಿಸುತ್ತೇನೆ.

ಬಾದಾಮಿಯ ಅಗಸ್ತ್ಯತೀರ್ಥ ಹೊಂಡದ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಅದರ ಮೇಲೆ ವರ್ಷ ಕೊರೆದಿಲ್ಲ. ಅಕ್ಷರದ ಆಕಾರ ನೋಡಿ ವಿದ್ವಾಂಸರು ಸುಮಾರು ಕ್ರಿ.ಶ. 700ರದು ಎನ್ನುತ್ತಾರೆ. ಅದರ ಒಂದು ತ್ರಿಪದಿ ಹೀಗಿದೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಈ ಮೂರು ಸಾಲನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಳ್ಳಿ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ನಲವತ್ತೈದು ನಿಮಿಷ ಈ ಸಾಲುಗಳ ಜೊತೆಗೆ ಮಾತ್ರ ಕುಳಿತುಕೊಳ್ಳಿ. ಗೊತ್ತಿಲ್ಲದ ಪದ ‘ಪೆರ’ ಒಂದೇ ಇರಬಹುದು, ಪೆರ ಎಂದರೆ ಬೇರೆಯವನು. ಉಳಿದವೆಲ್ಲ ನಿಮಗೆ ಪರಿಚಯದವೇ. ಹದಿನೈದನೆಯ ನಿಮಿಷಕ್ಕೆ ‘ಅರ್ಥವಾಯಿತಲ್ಲ, ಇನ್ನೇನಿದೆ’ ಎನಿಸುತ್ತದೆ. ಎಲ್ಲರಿಗೂ ಹಾಗೇ ಎನಿಸುತ್ತದೆ. ಎದ್ದು ಹೋಗಬೇಡಿ, ನೋಡಬೇಕಾದದ್ದು ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದನ್ನು. ಪ್ರಶ್ನೆಗಳು ಹುಟ್ಟುತ್ತವೆಯೇ? ‘ಈತನ್’ ಎಂದು ಬೆರಳು ತೋರಿಸುತ್ತಿರುವವರು ಯಾರು? ಎರಡನೆಯ ಸಾಲಿನ ‘ಕಲಿ’ ಕಲಿಪುರುಷನೋ, ಶೂರನೋ? ಸಾಧು, ಮಾಧುರ್ಯ, ಬಾಧೆ, ಮಾಧವ ಎಂದು ‘ಧ’ಕಾರ ಸಾಲಿನ ಮೊದಲಲ್ಲೇ ಮರಳಿ ಮರಳಿ ಬರುವುದೇಕೆ?

ನಾನು ಇದನ್ನು ಓದಿ ಒದ್ದಾಡುತ್ತಿದ್ದ ಬೆಳಗು ನೆನಪಿದೆ. ಅಡುಗೆಮನೆಯಲ್ಲಿ ಅತ್ತೆ ಹಿಟ್ಟು ನಾದುತ್ತಿದ್ದರು. ಗಟ್ಟಿಯಾಗಿ ಓದಿದೆ. ಅವರಿಗೆ ಅಕ್ಷರ ಬರುವುದಿಲ್ಲ. ಎರಡು ಸಲ ಕೇಳಿ, ಕೈ ನಿಲ್ಲಿಸಿ, ‘ಇದು ಬೀಸುವಾಗಿನ ಹಾಡಲ್ಲವೇನವ್ವಾ?’ ಎಂದರು. ಬೀಸುವ ಕಲ್ಲಿನ ಮುಂದೆ ಅವರು ಹಾಡುತ್ತಿದ್ದ ಪದಗಳೂ ತ್ರಿಪದಿಗಳೇ, ಮೂರನೆಯ ಸಾಲು ಅಲ್ಲಿಯೂ ಹೀಗೇ ಗಿಡ್ಡವಾಗಿ ನಿಲ್ಲುತ್ತದೆ. ಸಾವಿರದ ಮುನ್ನೂರು ವರ್ಷದ ಹಿಂದಿನ ಬಂಡೆಗೂ ನಮ್ಮ ಮನೆಯ ಬೀಸುವ ಕಲ್ಲಿಗೂ ನಂಟಿದೆ ಎಂದು ತೋರಿಸಿದವರು ಅತ್ತೆ. ಆ ದಿನ ಬೆಳಗಿನ ಒಂದೂವರೆ ಗಂಟೆ ಸಾಲಲಿಲ್ಲ. ಓದಿನಲ್ಲಿ ಹೀಗೆ ಮೈಮರೆಯುವುದು ನಿಮಗೆ ಒಂದು ಸಲವಾದರೂ ಆದರೆ ಅದನ್ನು ದಿನಾಂಕ ಹಾಕಿ ಬರೆದಿಡಿ. ಅಂಕಪಟ್ಟಿಗಿಂತ ಅದು ಹೆಚ್ಚು ಹೇಳುತ್ತದೆ.

ಮರುದಿನ ಬರವಣಿಗೆ. ಪ್ರಶ್ನೆ ಇದು: ಈ ಮೂರು ಸಾಲು ಓದುವವನಿಗೆ ಏನನ್ನು ಹೇಳಲು ಹೊರಟಿವೆ? ಒಂದೇ ಒಂದು ಪ್ಯಾರಾ, ಸುಮಾರು ನೂರು ಪದ. ನಾನು ಮೊದಲು ಬರೆದದ್ದು ಹೀಗಿತ್ತು: ‘ಕಪ್ಪೆ ಅರಭಟ್ಟನ ಶಾಸನವು ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳನ್ನು ಒಳಗೊಂಡಿದೆ. ಇದು ಬಾದಾಮಿಯಲ್ಲಿದೆ. ಇದು ನಮ್ಮ ನಾಡಿನ ಹೆಮ್ಮೆ.’ ಇದರಲ್ಲಿ ತಪ್ಪು ಮಾತಿಲ್ಲ. ಆದರೆ ಶಾಸನದ ಒಂದು ಪದವನ್ನೂ ಓದದವರೂ ಇದನ್ನು ಬರೆಯಬಹುದು. ಹತ್ತನೆಯ ತರಗತಿಯಿಂದ ನಮಗೆ ರೂಢಿಯಾಗಿರುವುದು ಈ ಬಗೆಯ ಉತ್ತರ, ಅದಕ್ಕೆ ಅಂಕವೂ ಸಿಕ್ಕಿದೆ.

ಒಂದು ತಿಂಗಳ ನಂತರ ಅದೇ ಪ್ರಶ್ನೆಗೆ ಹೀಗೆ ಬರೆದೆ: ‘ಈ ಸಾಲುಗಳು ಅರಭಟ್ಟನನ್ನು ಹೊಗಳುತ್ತವೆ, ಆದರೆ ಅವನು ಮಾಡಿದ್ದೇನು ಎಂದು ಹೇಳುವುದಿಲ್ಲ. ಇಲ್ಲಿ ಯುದ್ಧದ ಹೆಸರಿಲ್ಲ, ದಾನದ ಮಾತಿಲ್ಲ. ಎದುರಿಗಿರುವವನು ಸಾಧುವಾದರೆ ಈತನೂ ಸಾಧು, ಬಾಧಿಸುವವನಾದರೆ ಈತ ವಿಪರೀತ ಎನ್ನುತ್ತವೆ. ಅರಭಟ್ಟ ಹೇಗಿರುತ್ತಾನೆ ಎಂಬುದು ಓದುವವನ ನಡತೆಯ ಮೇಲೆ ನಿಂತಿದೆ. ಆದ್ದರಿಂದ ಇದು ಹೊಗಳಿಕೆಯಷ್ಟೇ ಅಲ್ಲ, ದಾರಿಹೋಕನಿಗೆ ಎಚ್ಚರಿಕೆ ಕೂಡ.’ ಇದನ್ನು ಒಪ್ಪದವರು ಇರಬಹುದು, ಇರಲಿ. ಒಪ್ಪದವರು ಯಾವ ಪದದ ಬಗ್ಗೆ ಜಗಳವಾಡಬೇಕು ಎಂಬುದಾದರೂ ಇಲ್ಲಿ ಕಾಣುತ್ತದೆ.

ನಿಮ್ಮ ಪ್ಯಾರಾವನ್ನು ನೀವೇ ತಿದ್ದುವ ದಾರಿ ಹೇಳುತ್ತೇನೆ. ಪ್ರತಿ ವಾಕ್ಯದ ಕೆಳಗೂ, ಅದನ್ನು ಹೇಳಲು ನಿಮಗೆ ಆಧಾರವಾದ ಶಾಸನದ ಪದವನ್ನು ಬರೆಯಿರಿ. ಪದ ಸಿಗದ ವಾಕ್ಯವನ್ನು ಹೊಡೆದುಹಾಕಿ. ಎಷ್ಟು ವಾಕ್ಯ ಉಳಿದವು? ಎರಡು ಉಳಿದರೆ ನೀವು ಶುರು ಮಾಡಬಹುದು. ಒಂದೂ ಉಳಿಯದಿದ್ದರೆ ಬೇಸರ ಬೇಡ, ನನಗೂ ಉಳಿದಿರಲಿಲ್ಲ. ಮೂರು ದಿನ ಬಿಟ್ಟು ಇನ್ನೊಮ್ಮೆ ಬರೆಯಿರಿ. ಎರಡನೆಯದು ಮೊದಲನೆಯದಕ್ಕಿಂತ ಮುಂದೆ ಹೋಗಿದೆಯೇ ಎಂಬುದು ಮುಖ್ಯ.

‘ಕಲಿ’ ಎಂಬ ಪದದ ಬಳಿ ನಿಮ್ಮ ಮನಸ್ಸು ಹೇಗೆ ನಡೆದುಕೊಂಡಿತು ಎಂಬುದನ್ನೂ ಗಮನಿಸಿ. ‘ಸರಿ ಉತ್ತರ ಯಾವುದು, ಬೇಗ ಹೇಳಿ’ ಎಂದು ಕೆಲವರಿಗೆ ಸಿಟ್ಟು ಬರುತ್ತದೆ. ಆನ್‌ಲೈನ್ ಪಾಠದಲ್ಲಿ ರಾತ್ರಿ ಹೊತ್ತು ಪಕ್ಕದಲ್ಲಿ ನಿಂತು ಹೇಳುವ ಮೇಷ್ಟ್ರು ಇರುವುದಿಲ್ಲ. ಎರಡು ಅರ್ಥವನ್ನೂ ಎದುರಿಗಿಟ್ಟುಕೊಂಡು, ತನಗೆ ಸರಿ ಕಂಡದ್ದನ್ನು ಕಾರಣ ಕೊಟ್ಟು ಬರೆಯುವ ತಾಳ್ಮೆ ಬೇಕು. ಲೆಕ್ಕದಲ್ಲಿ, ಕಂಪ್ಯೂಟರಿನಲ್ಲಿ ಬಹಳ ಚುರುಕಾಗಿರುವ ಹುಡುಗರೂ ಇಲ್ಲಿ ಎಡವುತ್ತಾರೆ. ಬರವಣಿಗೆಗೆ ಈಗ ಎಐ ಇದೆಯಲ್ಲ ಎಂದು ಕೇಳುವವರಿಗೆ ನನ್ನ ಅನುಭವ ಹೇಳುತ್ತೇನೆ. ಬಿ.ಎ. ಎರಡನೆಯ ವರ್ಷದಲ್ಲಿ ಅಂತರ್ಜಾಲದಿಂದ ಒಂದು ಪ್ಯಾರಾ ಎತ್ತಿ ಅಸೈನ್‌ಮೆಂಟಿಗೆ ಬರೆದಿದ್ದೆ. ಅಂಕ ಸೊನ್ನೆ ಬಂತು. ಸೊನ್ನೆಯ ನೋವು ಒಂದು ವಾರದಲ್ಲಿ ಹೋಯಿತು. ಆ ಪಾಠ ಮಾತ್ರ ಇವತ್ತಿಗೂ ನನ್ನದಾಗಿಲ್ಲ.

ಇನ್ನು ಭಾಷೆ. ನಮ್ಮ ಕಡೆಯವರು ಹೆಚ್ಚು ಹೆದರುವುದು ಇದಕ್ಕೇ, ಹೆದರಿಕೆ ಸುಳ್ಳಲ್ಲ. ಬಿಡಿ ಕೋರ್ಸ್‌ಗಳ ಪಾಠ ಬಹುಪಾಲು ಇಂಗ್ಲಿಷಿನಲ್ಲಿದೆ. ಸೇರುವ ಮುನ್ನ ಮೊದಲ ವಾರದ ಓದಿನ ಸಾಮಗ್ರಿಯಿಂದ ಎರಡು ಪುಟ ತೆಗೆದು ಗಡಿಯಾರ ಇಟ್ಟು ಓದಿ. ನನಗೆ ಮೊದಲ ಸಲ ಎರಡು ಪುಟಕ್ಕೆ ಐವತ್ತು ನಿಮಿಷ ಹಿಡಿಯಿತು. ನಿಮಗೂ ಅಷ್ಟು ಹಿಡಿದರೆ ಮೇಲಿನ ಗಂಟೆಗಳ ಲೆಕ್ಕವನ್ನು ದುಪ್ಪಟ್ಟು ಮಾಡಿಕೊಳ್ಳಿ, ಆಸೆ ಬಿಡಬೇಡಿ. ಪದವಿಗೆ ಸೇರುವವರು ಮೂರು ಪ್ರಶ್ನೆ ಬರೆದು ಉತ್ತರ ಪಡೆಯಬೇಕು: ಓದುವ ಪುಸ್ತಕ ಯಾವ ಭಾಷೆಯಲ್ಲಿ, ಅಸೈನ್‌ಮೆಂಟ್ ಯಾವ ಭಾಷೆಯಲ್ಲಿ, ಪರೀಕ್ಷೆ ಯಾವ ಭಾಷೆಯಲ್ಲಿ. ಮೂರಕ್ಕೂ ಉತ್ತರ ಒಂದೇ ಆಗಿರುತ್ತದೆ ಎಂದು ಊಹಿಸಿಕೊಳ್ಳಬೇಡಿ.

ಸಲಕರಣೆಯ ವಿಷಯ ಚುಟುಕಾಗಿ ಮುಗಿಸುತ್ತೇನೆ. ವಿಡಿಯೊ ನೋಡಲು ಮೊಬೈಲ್ ಸಾಕು, ಬರೆಯಲು ಕೀಲಿಮಣೆ ಬೇಕು. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅದನ್ನು ಕೇಳಿ ಬಳಸಿಕೊಳ್ಳಿ, ಅದು ಇರುವುದೇ ನಿಮಗಾಗಿ. ಕರೆಂಟ್ ಇದ್ದಾಗಲೇ ಪಾಠ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪರೀಕ್ಷಾ ಕೇಂದ್ರ ಯಾವ ಊರಿನಲ್ಲಿ ಎಂದು ಮೊದಲೇ ವಿಚಾರಿಸಿ. ಕೋರ್ಸ್ ಆನ್‌ಲೈನ್ ಆದರೂ ಪರೀಕ್ಷೆಗೆ ಊರು ಬಿಟ್ಟು ಹೋಗಬೇಕಾಗಬಹುದು. ನಾನು ಪರೀಕ್ಷೆಗೆ ಬಾದಾಮಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿದ್ದೇನೆ. ಹಿಂದಿನ ರಾತ್ರಿ ಅಲ್ಲಿ ಉಳಿಯಲು ಚಿಕ್ಕಮ್ಮನ ಮನೆ ಇತ್ತು. ನಿಮಗೆ ಎಲ್ಲಿ ಇಳಿದುಕೊಳ್ಳಲು ಸಾಧ್ಯ ಎಂಬುದೂ ಸಿದ್ಧತೆಯೇ.

ಹಣ ಕಟ್ಟುವ ವಿಷಯದಲ್ಲಿ ಮಾತ್ರ ಅವಸರ ಬೇಡವೇ ಬೇಡ. ನಮ್ಮ ಓಣಿಯ ಹುಡುಗನೊಬ್ಬ ಪೇಟೆಯಲ್ಲಿ ಫಲಕ ಹಾಕಿಕೊಂಡಿದ್ದ ಒಬ್ಬ ಏಜೆಂಟನ ಕೈಗೆ ಎರಡು ವರ್ಷದ ಶುಲ್ಕ ಕೊಟ್ಟ. ರಸೀದಿ ಇತ್ತು, ಪ್ರವೇಶ ಸಂಖ್ಯೆ ಬರಲಿಲ್ಲ. ಕೊನೆಗೆ ಅಂಗಡಿಯೇ ಅಲ್ಲಿರಲಿಲ್ಲ. ಅವನ ತಂದೆ ಹಮಾಲಿ ಮಾಡಿ ಕೂಡಿಟ್ಟ ಹಣ ಅದು, ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ನೆನಪಿಡಿ: ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಯನ್ನು ಹೀಗೆ ಏಜೆಂಟರ ಮೂಲಕ ನಡೆಸಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಲ್ಲಿ ಅವಕಾಶವಿಲ್ಲ. ಯುಜಿಸಿಯ ದೂರಶಿಕ್ಷಣ ವಿಭಾಗವಾದ ಡಿಇಬಿಯ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯದ ಹೆಸರು, ಆ ಕೋರ್ಸಿನ ಹೆಸರು, ಆ ವರ್ಷ ಮೂರೂ ಇವೆಯೇ ನೋಡಿ. 2024ರಿಂದ ಇಂಥ ಪದವಿಗೆ ಸೇರುವವರು ಅಲ್ಲಿಯೇ ತಮ್ಮ ಡಿಇಬಿ ಗುರುತಿನ ಸಂಖ್ಯೆ ಪಡೆಯಬೇಕು. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೆ ನೇರವಾಗಿ ಕಟ್ಟಿ. ಮಾನ್ಯತೆ ಇರುವ ಕಡೆ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ‘ಮನೆಯಲ್ಲಿ ಓದಿದ ಬಿ.ಎ.ಗೆ ಬೆಲೆಯಿಲ್ಲ’ ಎನ್ನುವ ನೆಂಟರಿಗೆ ಇದನ್ನು ತೋರಿಸಿ.

ಮನೆಯವರ ಜೊತೆ ಮಾತನಾಡುವಾಗ ‘ಓದುತ್ತೇನೆ’ ಎಂದಷ್ಟೇ ಹೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಬೆಳಗ್ಗೆ ಐದು ಗಂಟೆಗೆ ಚಹಾ ಕೇಳುತ್ತಾರೆ. ಸಮಯದ ಹೆಸರು ಹಿಡಿದು ಕೇಳಿ. ‘ಸೋಮವಾರದಿಂದ ಶನಿವಾರ, ಐದರಿಂದ ಆರೂವರೆ, ನನ್ನನ್ನು ಕರೆಯಬಾರದು. ಜೂನ್ ಪರೀಕ್ಷೆಯ ಹತ್ತು ದಿನ ಅಡುಗೆ ಬೇರೆಯವರು ನೋಡಿಕೊಳ್ಳಬೇಕು.’ ನಮ್ಮ ಮನೆಯಲ್ಲಿ ಇದಕ್ಕೆ ಒಪ್ಪಿಗೆ ಸಿಗಲು ಎರಡು ತಿಂಗಳು ಹಿಡಿಯಿತು. ಕೊನೆಗೆ ಒಪ್ಪಿಸಿದವರು ಅತ್ತೆಯೇ. ನಮ್ಮ ಮನೆಯವರಿಗೆ ‘ಅವಳ ಹೊತ್ತಿನಲ್ಲಿ ಚಹಾ ನಾನು ಮಾಡುತ್ತೇನೆ’ ಎಂದುಬಿಟ್ಟರು.

ಏಳು ದಿನದ ಲೆಕ್ಕ ಕೂಡಿ ಬರದಿದ್ದರೆ ಸೇರುವುದನ್ನು ಆರು ತಿಂಗಳು ಮುಂದೆ ಹಾಕಿ. ಜನವರಿ, ಜುಲೈ ಎಂದು ವರ್ಷಕ್ಕೆ ಎರಡು ಸಲ ಪ್ರವೇಶ ಇರುವ ಕಡೆ ಒಂದು ಸಲ ತಪ್ಪಿದರೆ ನಷ್ಟವಿಲ್ಲ. ಆ ಆರು ತಿಂಗಳು ವಾರಕ್ಕೆ ಒಂದು ಸಂಜೆ, ಒಂದು ಪುಟ, ಒಂದು ಪ್ಯಾರಾ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ, ಐಹೊಳೆಯ ಮೇಗುಟಿ ದೇವಾಲಯದಲ್ಲಿ 634ರದು ಇದೆ. ಬಸ್ಸಿನಲ್ಲಿ ಹೋಗಿ ನೋಡಿ ಬನ್ನಿ, ನೋಡಿದ್ದನ್ನು ಬರೆಯಿರಿ. ಬರೆದದ್ದನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದವರಿಗೆ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡುತ್ತಿದ್ದೇನೆ.

ಆ ಸೊಸೆ ಎಂಟನೆಯ ದಿನ ಬಂದಳು. ದಿನಚರಿಯಲ್ಲಿ ಗೆರೆ ಎಳೆದ ಸಮಯ ಇಡೀ ವಾರಕ್ಕೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಪ್ಯಾರಾದಲ್ಲಿ ಆರು ವಾಕ್ಯವಿದ್ದವು, ನಾಲ್ಕನ್ನು ಅವಳೇ ಹೊಡೆದುಹಾಕಿದ್ದಳು. ಉಳಿದ ಎರಡರಲ್ಲಿ ಒಂದು ಹೀಗಿತ್ತು: ‘ಸಾಧುವಿಗೆ ಸಾಧುವಾಗಿರುವುದು ಎಲ್ಲರೂ ಮಾಡುವ ಕೆಲಸ, ಅದನ್ನು ಕಲ್ಲಿನಲ್ಲಿ ಕೊರೆಸಿದ್ದಾರೆ ಎಂದರೆ ಆಗ ಅದು ಅಪರೂಪವಾಗಿತ್ತೇ?’ ನಾನು ಅದರ ಪಕ್ಕದಲ್ಲಿ ಏನೂ ಬರೆಯದೆ ನೋಟ್‌ಬುಕ್ ಹಿಂದಿರುಗಿಸಿ, ಇದಕ್ಕೆ ಉತ್ತರ ಹುಡುಕು ಎಂದೆ. ಈ ವರ್ಷ ಪದವಿಗೆ ಸೇರುವುದಿಲ್ಲ ಎಂದು ಅವಳೇ ತೀರ್ಮಾನಿಸಿದ್ದಾಳೆ. ಬೆಳಗಿನ ಒಂದು ಗಂಟೆ ಮಗುವನ್ನು ನೋಡಿಕೊಳ್ಳಲು ಅತ್ತೆ ಒಪ್ಪಿದ್ದಾರಂತೆ. ಸ್ವಯಂನಲ್ಲಿ ಇತಿಹಾಸದ ಒಂದು ಕೋರ್ಸಿಗೆ ಹೆಸರು ನೋಂದಾಯಿಸಲು ಸೋಮವಾರ ಬರುತ್ತಾಳೆ, ಕಿಟಕಿ ಪಕ್ಕದ ಕಂಪ್ಯೂಟರನ್ನು ಅವಳಿಗೆಂದು ಬಿಡಿಸಿಟ್ಟಿದ್ದೇನೆ.